ಇನ್ನೂ ಅದೇ ಲೆನ್ಸಾ?

ಈ ಪ್ರಕರಣ ಬರೆಯಬೇಕೋ ಬೇಡವೋ ಎಂದು ನಾಲ್ಕು ತಿಂಗಳು ಸುಮ್ಮನಿದ್ದೆ. ಇದರಲ್ಲಿ ಹೊಡೆತ ಬಡಿತವಿಲ್ಲ, ಕುಡಿತವಿಲ್ಲ, ಮೂರನೆಯವರ ಕಾಟವಿಲ್ಲ. ಒಂದು ಕ್ಯಾಮೆರಾ ಲೆನ್ಸ್ ಇದೆ, ಅಷ್ಟೆ. ಆದರೆ ಇದೇ ಜಗಳ ಬೇರೆ ಬೇರೆ ವೇಷ ಹಾಕಿಕೊಂಡು ನನ್ನ ಆಪ್ತಸಲಹೆಯ ಕೋಣೆಗೆ ಬರುತ್ತಲೇ ಇರುತ್ತದೆ. ಒಮ್ಮೆ ಕಾರ್ಬನ್ ಫ್ರೇಮಿನ ಸೈಕಲ್, ಒಮ್ಮೆ ಕಸೂತಿ ಹಾಕುವ ಹೊಲಿಗೆ ಯಂತ್ರ, ಒಮ್ಮೆ ಮಗನಿಗೆ ಅಂತ ಹೇಳಿ ಅಪ್ಪನೇ ಆಸೆಪಟ್ಟ ಕೀಬೋರ್ಡ್. ಇನ್ನೊಂದು ಕಾರಣವೂ ಇದೆ. ಇಲ್ಲಿ ನಾನು ಕೊಟ್ಟ ಸಲಹೆ ಪೂರ್ತಿ ಸರಿಯಾಗಿತ್ತಾ ಅನ್ನೋದು ನನಗೇ ಖಾತ್ರಿಯಿಲ್ಲ.

ಇಬ್ಬರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಕೆಲಸ, ವಯಸ್ಸು, ಮನೆಯ ವಿವರ ಎಲ್ಲ ಬದಲಿಸಿದ್ದೇನೆ. ಲೆನ್ಸ್ ಮಾತ್ರ ಅದೇ.

ಗಂಡ ಕರಾವಳಿಯವರು, ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸ. ಹೆಂಡತಿ ಶಿಕ್ಷಕಿ. ಶಾಲೆಗೆ ಹೋಗುವ ಒಬ್ಬಳು ಮಗಳು. ಯಕ್ಷಗಾನ ಮೇಳಗಳು ವರ್ಷದ ತಿರುಗಾಟಕ್ಕೆ ಹೊರಟವೆಂದರೆ ಗಂಡ ತಿಂಗಳಿಗೆ ಒಂದೆರಡು ಸಲ ಶುಕ್ರವಾರ ರಾತ್ರಿ ಬಸ್ ಹತ್ತುತ್ತಾರೆ. ಶನಿವಾರ ರಾತ್ರಿಯಿಡೀ ಬಯಲಾಟದ ಫೋಟೋ, ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಲ್ಲಿ ಆಫೀಸ್. ಇದಕ್ಕೆ ಹೆಂಡತಿಯ ತಕರಾರಿರಲಿಲ್ಲ. ತಕರಾರು ಇದ್ದದ್ದು ಉಳಿದ ರಾತ್ರಿಗಳದ್ದು. ಎಂಟು ತಿಂಗಳಿಂದ ಈ ಮನುಷ್ಯ ರಾತ್ರಿ ಒಂದು ಗಂಟೆವರೆಗೆ ಲೆನ್ಸ್ ಹೋಲಿಕೆಯ ವಿಡಿಯೋ ನೋಡುತ್ತಿದ್ದರು. ಅವರ ಹತ್ತಿರ ಇದ್ದದ್ದು ಸೋನಿಯ 85 ಮಿ.ಮೀ. ಎಫ್ 1.8. ಬೇಕಾಗಿದ್ದದ್ದು ಅದೇ 85ರ ಎಫ್ 1.4, ಸೋನಿಯ ಮೇಲ್ದರ್ಜೆಯ ಜಿ ಮಾಸ್ಟರ್ ಸಾಲಿನದು. ಎರಡೂ ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್. ಹೊಸದರ ಬೆಲೆ ಹಳೆಯದರ ಮೂರು ಪಟ್ಟಿಗೂ ಜಾಸ್ತಿ.

ಮೊದಲ ಎರಡು ಭೇಟಿಗಳ ಬಗ್ಗೆ ಹೇಳೋಕೆ ಹೆಚ್ಚೇನಿಲ್ಲ. "ಇವರಿಗೆ ಮನೆ ಖರ್ಚಿನ ಅಂದಾಜಿಲ್ಲ" ಎಂದು ಹೆಂಡತಿ, "ಇವಳಿಗೆ ನನ್ನ ಹವ್ಯಾಸ ಅರ್ಥ ಆಗಲ್ಲ" ಎಂದು ಗಂಡ. ಇಬ್ಬರೂ ನನ್ನ ಕಡೆ ತಿರುಗಿ ಮಾತಾಡುತ್ತಿದ್ದರೇ ಹೊರತು ಒಬ್ಬರಿಗೊಬ್ಬರು ಅಲ್ಲ. ನನ್ನನ್ನು ನ್ಯಾಯಾಧೀಶೆ ಮಾಡಿ ಕೂರಿಸಿದ್ದರು.

ಮೂರನೇ ಭೇಟಿಗೆ ಲ್ಯಾಪ್‌ಟಾಪ್ ತರಲು ಗಂಡನಿಗೆ ಹೇಳಿದ್ದೆ. ನನಗೆ ಕ್ಯಾಮೆರಾ ಗೊತ್ತಿಲ್ಲ, ನೀವೇ ಪಾಠ ಮಾಡಿ ಅಂದೆ. ಇದು ನಾನು ಬೇಕೆಂದೇ ಮಾಡುವ ಕೆಲಸ. ತನಗೆ ಇಷ್ಟವಾದದ್ದನ್ನು ಇನ್ನೊಬ್ಬರಿಗೆ ವಿವರಿಸುವಾಗ ಜನ ಜಗಳದ ದನಿ ಬಿಟ್ಟುಬಿಡುತ್ತಾರೆ. ಅವರು ನನ್ನ ನೋಟ್‌ಪ್ಯಾಡಿನಲ್ಲಿ ಎರಡು ವೃತ್ತ ಬರೆದರು. ಬೆಳಕು ಬರುವ ಬಾಗಿಲು ಇದು, ನಂಬರ್ ಸಣ್ಣದಾದಷ್ಟೂ ಬಾಗಿಲು ದೊಡ್ಡದು ಮೇಡಂ ಎಂದರು. 1.8ಕ್ಕೆ ಹೋಲಿಸಿದರೆ 1.4ರಲ್ಲಿ ಬೆಳಕು ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚು ಒಳಗೆ ಬರುತ್ತದೆ. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಂಕಿ, 3200 ಇಟ್ಟ ಕಡೆ 2000 ಸಾಕು. ಅಥವಾ ಸೆಕೆಂಡಿನ 250ರಲ್ಲಿ ಒಂದು ಭಾಗದ ಶಟರ್ ಬದಲು 400ರಲ್ಲಿ ಒಂದು ಭಾಗ ಇಡಬಹುದು. ವೇಷಧಾರಿ ಗಿರಗಿರ ತಿರುಗುತ್ತಾ ಧೀಂಗಿಣ ಹಾಕುವಾಗ ಅದು ಬೇಕೇ ಬೇಕು ಎಂದರು. ಹೆಂಡತಿ ಕಿಟಕಿಯಾಚೆ ನೋಡುತ್ತಾ ಕೂತಿದ್ದರು.

"ಸರಿ, 1.8 ಸಾಲದೆ ನಿಮ್ಮ ಕೈತಪ್ಪಿದ ಫೋಟೋ ತೋರಿಸಿ."

"ತುಂಬಾ ಇವೆ ಮೇಡಂ."

ಎರಡು ತಿರುಗಾಟದಲ್ಲಿ ಅವರೇ ಆರಿಸಿ ಇಟ್ಟುಕೊಂಡಿದ್ದ ಫೋಟೋ ಒಟ್ಟು 312. ಪ್ರತಿ ಫೋಟೋದ ಜೊತೆಗೂ ಯಾವ ನಂಬರಲ್ಲಿ ತೆಗೆದದ್ದು ಅನ್ನುವ ವಿವರ ಕ್ಯಾಮೆರಾ ತಾನೇ ಬರೆದಿಟ್ಟಿರುತ್ತದಂತೆ. ಆ ನಂಬರಿನ ಪ್ರಕಾರ ವಿಂಗಡಿಸಿ ಅಂದೆ. ವಿಂಗಡಿಸಿದರು. 1.8ರಲ್ಲಿ ತೆಗೆದದ್ದು 19. ಉಳಿದವು ಬಹುಪಾಲು 2.8 ಮತ್ತು 4ರ ನಡುವೆ.

ಅವರು ಪರದೆಯನ್ನೇ ನೋಡುತ್ತಾ ಕೂತರು. ಲೆಕ್ಕಪತ್ರದವರಲ್ವಾ, ಅಂಕಿ ನೋಡಿದ ಮೇಲೆ ವಾದ ಮಾಡಲಿಲ್ಲ.

ಕಿಟಕಿಯಿಂದ ಮುಖ ತಿರುಗಿಸಿ ಕೇಳಿದ್ದು ಹೆಂಡತಿ. "ಇದ್ದ ಬಾಗಿಲನ್ನೇ ಪೂರ್ತಿ ತೆಗೆದಿಲ್ಲ, ಅಲ್ವಾ? ಯಾಕೆ?"

ಆಗ ಅವರು ಹೇಳಿದ ಉತ್ತರ ನನಗೆ ಬಹಳ ಇಷ್ಟವಾಯಿತು. ರಂಗಸ್ಥಳದ ಅಂಚಿಗೆ, ಮೂರೂವರೆ ಮೀಟರ್ ದೂರದಲ್ಲಿ ಕೂತು ತೆಗೆಯುತ್ತೇನೆ ಅಂದುಕೊಳ್ಳಿ. 1.4 ಇಟ್ಟರೆ 14 ಸೆಂಟಿಮೀಟರ್ ಆಳದಷ್ಟೇ ಸ್ಪಷ್ಟ. 1.8 ಇಟ್ಟರೆ 18. ಎರಡೂ ಒಂದು ಗೇಣಿಗೆ ಕಮ್ಮಿ. ಕಣ್ಣು ಸರಿ ಬಂದರೆ ಮುಂದೆ ಚಾಚಿದ ಕೈ ಮಂಜಾಗುತ್ತದೆ, ಹಿಂದೆ ಕಿರೀಟದ ಕುಸುರಿ ಹೋಗುತ್ತದೆ. 4ಕ್ಕೆ ಇಟ್ಟರೆ ಹೆಚ್ಚುಕಮ್ಮಿ ಒಂದು ಮೊಳ ಸಿಗುತ್ತದೆ. "ಅಭಿನಯ ಇರೋದೇ ಕೈಯಲ್ಲಿ. ಕೈ ಹೋದ್ರೆ ಆಟದ ಫೋಟೋ ಯಾಕೆ?" ಎಂದರು. ಈಗಿನ ರಂಗಸ್ಥಳದಲ್ಲಿ ದೀಪಗಳೂ ಜೋರಾಗಿರುತ್ತವೆ, ಬೆಳಕಿಗೇನೂ ಅಂಥ ಬರವಿಲ್ಲ ಅಂತ ಅವರೇ ಸೇರಿಸಿದರು. ತನ್ನ ಎಂಟು ತಿಂಗಳ ವಾದಕ್ಕೆ ತಾನೇ ಉತ್ತರ ಕೊಡುತ್ತಿದ್ದೇನೆ ಎಂದು ಅರ್ಧದಾರಿಯಲ್ಲಿ ಅವರಿಗೆ ಹೊಳೆಯಿತು. ಮಾತು ನಿಂತಿತು.

ನಾನೂ ಏನೂ ಹೇಳಲಿಲ್ಲ. ಗೋಡೆ ಗಡಿಯಾರದ ಸದ್ದು ಕೇಳುವಷ್ಟು ಹೊತ್ತು.

ಆಮೇಲೆ ನೆಲ ನೋಡುತ್ತಾ ಹೇಳಿದರು. ಹಿಂದಿನ ವರ್ಷ ಒಂದು ಆಟದಲ್ಲಿ, ಇವರ ಪಕ್ಕ ಕೂತಿದ್ದ ಇನ್ನೊಬ್ಬ ಫೋಟೋಗ್ರಾಫರ್ ಇವರ ಕ್ಯಾಮೆರಾ ಕಡೆ ಬಗ್ಗಿ ನೋಡಿದನಂತೆ. ನೋಡಿ ನಕ್ಕು, "ಇನ್ನೂ ಅದೇ ಲೆನ್ಸಾ?" ಎಂದನಂತೆ. ಅಷ್ಟೇ. ಮತ್ತೆ ಅವನು ಅಂದು ಬೆಳಗಿನ ತನಕ ಚೆನ್ನಾಗಿಯೇ ಮಾತಾಡಿದ, ಚಹಾನೂ ಕೊಡಿಸಿದ.

"ಅದಕ್ಕೆ ಒಂದೂವರೆ ಲಕ್ಷಾನಾ?" ಎಂದು ಹೆಂಡತಿ ನಕ್ಕರು. ನಕ್ಕವರು ಗಂಡನ ಮುಖ ನೋಡಿ ತಟ್ಟನೆ ನಿಲ್ಲಿಸಿದರು. ನೀರಿನ ಬಾಟಲಿಯನ್ನು ಅವರ ಕಡೆ ಸರಿಸಿದರು. ಆ ಭೇಟಿಯಲ್ಲಿ ನನ್ನ ಪಾಲಿನ ಕೆಲಸ ಅಲ್ಲಿಗೆ ಮುಗಿದಿತ್ತು ಅನ್ನಬೇಕು.

ಸಲಹೆ ಏನು ಕೊಟ್ಟೆ? ಮೊದಲನೆಯದಾಗಿ, ಎರಡು ಜಗಳವನ್ನು ಬೇರೆ ಮಾಡಿದೆ. ಇಷ್ಟು ದುಡ್ಡು ನಮ್ಮ ಹತ್ತಿರ ಇದೆಯಾ, ಮಗಳ ಫೀಸು, ಬಾಡಿಗೆ, ಊರಿಗೆ ಕಳಿಸುವುದು ಕಳೆದು ಉಳಿಯುತ್ತಾ ಅನ್ನುವುದು ಇಬ್ಬರ ಪ್ರಶ್ನೆ. ಅದನ್ನು ಇಬ್ಬರೂ ಕಾಗದ ಪೆನ್ನು ಹಿಡಿದು ಕೂತು ತೀರ್ಮಾನಿಸಬೇಕು. ಈ ಲೆನ್ಸ್ ಅಷ್ಟು ಬೆಲೆ ಬಾಳುತ್ತಾ ಅನ್ನುವುದು ಅವರೊಬ್ಬರದೇ ಪ್ರಶ್ನೆ. ಅದಕ್ಕೆ ಹೆಂಡತಿಯಿಂದ ಹೌದು ಅನ್ನಿಸಿಕೊಳ್ಳಲು ಹೋಗಬಾರದು. 1.8, 1.4 ಎಂದರೇನೆಂದೇ ಗೊತ್ತಿಲ್ಲದವರ ಹತ್ತಿರ ಒಪ್ಪಿಗೆ ಕೇಳಿದರೆ ಅವರು ಕೊಡುವ ಉತ್ತರ ಲೆನ್ಸಿನದ್ದಾಗಿರಲ್ಲ, ಸಿಟ್ಟಿನದ್ದಾಗಿರುತ್ತದೆ. ಅವರ "ಬೇಡ" ಕೇಳಿ ನೀವು ನೊಂದುಕೊಳ್ಳುತ್ತೀರಿ. ಸುಮ್ನೆ ಇಬ್ಬರಿಗೂ ನೋವು.

ಎರಡನೆಯದು, ಮೂರು ತಿಂಗಳು ಹೋಲಿಕೆಯ ವಿಡಿಯೋ ಬಂದ್. ಮೂರನೆಯದು, ಆ 1.4 ಲೆನ್ಸನ್ನು ಎರಡು ದಿನಕ್ಕೆ ಬಾಡಿಗೆಗೆ ತಗೊಳ್ಳಿ ಅಂದೆ. ಬೆಂಗಳೂರಿನಲ್ಲಿ ಕ್ಯಾಮೆರಾ, ಲೆನ್ಸ್ ಬಾಡಿಗೆಗೆ ಕೊಡುವವರಿಗೆ ಕಮ್ಮಿಯಿಲ್ಲ. ಒಂದು ಆಟಕ್ಕೆ ಎರಡೂ ಲೆನ್ಸ್ ಹೊತ್ತುಕೊಂಡು ಹೋಗಿ, ಹಳೆಯದರಲ್ಲಿ ಆಗದೇ ಇದ್ದ ಫೋಟೋ ಯಾವುದು ಅಂತ ಬರೆದುಕೊಂಡು ಬನ್ನಿ.

ನನ್ನ ಜೊತೆ ಕೆಲಸ ಮಾಡುವ ಒಬ್ಬರು ಇದನ್ನು ಕೇಳಿ, ಇದು ಆಪ್ತಸಲಹೆ ಅಲ್ಲ, ಅಂಗಡಿಯವನ ಸಲಹೆ ಎಂದರು. "ಇನ್ನೂ ಅದೇ ಲೆನ್ಸಾ" ಅನ್ನುವ ಮಾತಿನಿಂದ ಆದ ನಾಚಿಕೆ, ಬಾಲ್ಯ, ಅಪ್ಪನ ಜೊತೆಗಿನ ಸಂಬಂಧ ಇವನ್ನೆಲ್ಲ ಅಗೆಯಬೇಕಿತ್ತು ಅನ್ನುವುದು ಅವರ ವಾದ. ಅಗೆಯಬಹುದಿತ್ತು. ಆದರೆ ನನ್ನ ಅನುಭವ ಬೇರೆ ಹೇಳುತ್ತದೆ. ಲೆನ್ಸ್ ಬೇಕು ಅಂತ ಬಂದವರಿಗೆ "ನಿಮಗೆ ನಿಜವಾಗಿ ಬೇಕಿರುವುದು ಲೆನ್ಸ್ ಅಲ್ಲ" ಎಂದರೆ ಅವರು ಎದ್ದು ಹೋಗುತ್ತಾರೆ. ಹೋಗಲೇಬೇಕು ಕೂಡ. ಲೆನ್ಸ್ ಮೇಲೆ ಆಸೆ ಇದ್ದದ್ದು ಸುಳ್ಳಲ್ಲವಲ್ಲ. ಆಸೆಯನ್ನು ರೋಗ ಮಾಡಿಬಿಡುವುದು ನಮ್ಮ ವೃತ್ತಿಯ ಚಟ. ನಾನೂ ಬೆನ್ನುನೋವಿಗೆ ಅಂತ 38 ಸಾವಿರ ಕೊಟ್ಟು ಕುರ್ಚಿ ತಂದವಳೇ. ನೋವು ಹೋಗಲಿಲ್ಲ. ಕುರ್ಚಿ ಬಲು ಚೆನ್ನಾಗಿದೆ, ಯಾರಿಗೂ ಕೊಡಲ್ಲ.

ಒಂದು ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಎಂಟು ತಿಂಗಳ ಹೋಲಿಕೆ ಆ ಮನೆಗೆ ಲೆನ್ಸಿಗಿಂತ ದುಬಾರಿಯಾಗಿತ್ತು. ವಿಡಿಯೋ ಮಾಡುವವರು ಗೋಡೆಯ ಇಟ್ಟಿಗೆಯ ಫೋಟೋ ತೆಗೆದು ಮೂಲೆಯನ್ನು ಹಿಗ್ಗಿಸಿ ತೋರಿಸುತ್ತಾರೆ. ಹೊಸದು ಚೆನ್ನಾಗಿಯೇ ಕಾಣುತ್ತದೆ, ಕಾಣಬೇಕಾದದ್ದೇ. ಹೀಗಾಗಿ "ಇದು ಅದಕ್ಕಿಂತ ಉತ್ತಮವಾ" ಎಂದು ಕೇಳಿದವರಿಗೆ ಪ್ರತಿ ರಾತ್ರಿ ಹೌದು ಅನ್ನುವ ಉತ್ತರವೇ ಸಿಗುತ್ತದೆ. "ಇದಿಲ್ಲದೆ ನನಗೆ ಯಾವ ಫೋಟೋ ತಪ್ಪಿತು" ಅನ್ನುವ ಪ್ರಶ್ನೆಗೆ ಉತ್ತರ ಸಿಗುವುದು ನಿಮ್ಮದೇ 312ರಲ್ಲಿ. ಓದುವವರಲ್ಲಿ ಯಾರಾದರೂ ಇಂಥದ್ದೇ ಗೊಂದಲದಲ್ಲಿದ್ದರೆ ಇವತ್ತೇ ಇದನ್ನು ಮಾಡಿ ನೋಡಬಹುದು, ಖರ್ಚಿಲ್ಲ. ಫೋಟೋಗಳು ಬಹುಪಾಲು 1.8ರಲ್ಲೇ ಇದ್ದು, ಐಎಸ್‌ಒ ಏರಿಸಿ ಏರಿಸಿ ಚಿತ್ರ ಕಾಳುಕಾಳಾಗಿದ್ದರೆ ಮಾತು ಬೇರೆ. ಆಗ ನಾನೇ ತಗೊಳ್ಳಿ ಅಂತೀನಿ.

ಫೆಬ್ರವರಿಯಲ್ಲಿ ಅವರು ಬಾಡಿಗೆ ಲೆನ್ಸ್ ತಗೊಂಡು ಹೋದರು. ಬಂದು ಹೇಳಿದ್ದು ನಾನು ಊಹಿಸಿದ್ದಲ್ಲ. ರಂಗಸ್ಥಳದ ಮುಂದೆ ಅದರಿಂದ ಏನೂ ವಿಶೇಷ ಲಾಭವಾಗಲಿಲ್ಲ. ಅಲ್ಲಿ ಬೇಕಿರುವುದು 70-200ರ ಜೂಮ್ ಎಂದು ಅವರಿಗೇ ಅನ್ನಿಸಿತು. ಆದರೆ ವೇಷ ಕಟ್ಟುವ ಜಾಗವಾದ ಚೌಕಿಯಲ್ಲಿ, ರಾಕ್ಷಸ ಪಾತ್ರ ಮಾಡುವ ಒಬ್ಬ ಹಿರಿಯ ಬಣ್ಣದ ವೇಷಧಾರಿ ಮುಖಕ್ಕೆ ಚುಟ್ಟಿ ಇಡುತ್ತಾ ಕೂತಿದ್ದರಂತೆ. ಒಂದೇ ಬಲ್ಬು, ಕೈಯಲ್ಲಿ ಕನ್ನಡಿ. ಅಕ್ಕಿಹಿಟ್ಟು, ಸುಣ್ಣದ ಚುಕ್ಕಿಗಳು ಕೆನ್ನೆಯ ಮೇಲೆ ಒಂದೊಂದಾಗಿ ಏಳುತ್ತಿದ್ದವು. ಒಂದೂವರೆ ಮೀಟರಿನಿಂದ, 1.4ರಲ್ಲಿ ತೆಗೆದ ಆ ಫೋಟೋ ನನಗೂ ತೋರಿಸಿದರು. ಚುಟ್ಟಿಯ ಮುಳ್ಳುಗಳು ಮುಟ್ಟಿದರೆ ಚುಚ್ಚುವಂತಿದ್ದವು. ಕಿವಿ ಆಗಲೇ ಕರಗಿತ್ತು. ಹಿಂದೆ ನೇತುಹಾಕಿದ್ದ ವೇಷಭೂಷಣಗಳು ಬರೀ ಬಣ್ಣವಾಗಿದ್ದವು. ಅದೇ ಜಾಗದಿಂದ 1.8ರಲ್ಲಿ ತೆಗೆದದ್ದೂ ಇತ್ತು. ನನಗೆ ವ್ಯತ್ಯಾಸ ಗೊತ್ತಾಗಲಿಲ್ಲ. ಹೆಂಡತಿಗೆ ಗೊತ್ತಾಯಿತು! "ಹಿಂದಿನ ಬಲ್ಬು ನೋಡಿ, ಇದರಲ್ಲಿ ಮೆತ್ತಗಿದೆ" ಎಂದರು. ಗಂಡನ ಮುಖ ಅರಳಿದ್ದು ಹೇಳತೀರದು.

ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆ ಕಳೆದು, ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಅವರು ಲೆನ್ಸ್ ತಗೊಂಡೇಬಿಟ್ಟರು. ಹೊಸದಲ್ಲ. ಈ ಲೆನ್ಸಿನ ಎರಡನೇ ಆವೃತ್ತಿ 2024ರಲ್ಲಿ ಬಂದ ಮೇಲೆ 2016ರ ಮೊದಲನೆಯದು ಸೆಕೆಂಡ್ ಹ್ಯಾಂಡ್‌ನಲ್ಲಿ ಅಗ್ಗಕ್ಕೆ ಸಿಗುತ್ತಿತ್ತು. ಹಳೇ ಲೆನ್ಸ್ ಮಾರಿ, ಇಬ್ಬರೂ ಕೂತು ಲೆಕ್ಕ ಹಾಕಿ, ಇಎಂಐ ಇಲ್ಲದೆ ಕೊಂಡರು. ನನಗೆ ಸುದ್ದಿ ಹೇಳಿದ್ದು ಹೆಂಡತಿ, ಫೋನಿನಲ್ಲಿ. ಒಂದು ದಿನ ಪೂರ್ತಿ ಕಸಿವಿಸಿಪಟ್ಟೆ, ಸುಳ್ಳು ಹೇಳಲ್ಲ. ಬೇಡ ಅಂತ ನಾನು ಬಾಯಿಬಿಟ್ಟು ಹೇಳಿರಲಿಲ್ಲ ನಿಜ, ಆದರೆ ಅವರು ಬೇಡ ಅನ್ನುತ್ತಾರೆ ಅಂತ ಮನಸ್ಸಿನೊಳಗೆ ತೀರ್ಪು ಬರೆದಿಟ್ಟಿದ್ದೆ.

ಹಳೆಯದು 371 ಗ್ರಾಂ ಇತ್ತು, ಇದು 820. ರಾತ್ರಿಯಿಡೀ ಹಿಡಿದರೆ ಮಣಿಕಟ್ಟು ನೋಯುತ್ತದೆ ಎಂದು ಈಗ ದೂರುತ್ತಾರಂತೆ. "ರಾತ್ರಿ ಹನ್ನೊಂದಕ್ಕೆ ಮಲಗ್ತಾರೆ ಮೇಡಂ, ಅದು ಸಾಕು" ಎಂದರು ಹೆಂಡತಿ. ಆಮೇಲೆ ಮಗಳ ಪರೀಕ್ಷೆಯ ವಿಷಯ ತೆಗೆದರು.