ರಾತ್ರಿ ಹನ್ನೆರಡಕ್ಕೆ ನೋಡಿದ ಆ ವಿಡಿಯೋ ನಂಬಬಹುದಾ?

ಪ್ರಶ್ನೆ: ನನ್ನ ಮಗನಿಗೆ 25 ದಿನ. ಎರಡೂ ಪಾದ ಒಳಕ್ಕೆ ತಿರುಗಿವೆ. ವಾರಕ್ಕೊಮ್ಮೆ ಪ್ಲಾಸ್ಟರ್ ಹಾಕೋಣ, ಕೊನೆಗೆ ಸಣ್ಣ ಆಪರೇಷನ್ ಬೇಕಾಗಬಹುದು ಅಂತ ಜಿಲ್ಲಾ ಆಸ್ಪತ್ರೆಯ ಡಾಕ್ಟರ್ ಹೇಳಿದರು. ಮೊಬೈಲಿನಲ್ಲಿ ಹುಡುಕಿದರೆ ಒಂದು ವಿಡಿಯೋದಲ್ಲಿ ಪಾದವನ್ನೇ ಕೊಯ್ದು ಬಿಡಿಸುತ್ತಾರೆ, ಇನ್ನೊಂದರಲ್ಲಿ ಎಣ್ಣೆ ತಿಕ್ಕಿದರೆ ಸಾಕು ಅನ್ನುತ್ತಾರೆ. ಗ್ರಹಣದ ದಿನ ನಾನು ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಅಂತ ಮನೆಯಲ್ಲಿ ಮಾತು. ಯಾವುದನ್ನು ನಂಬಲಿ?
– ಒಬ್ಬ ತಾಯಿ, ಹಾವೇರಿ ಜಿಲ್ಲೆ

ಉತ್ತರ: ಮೊದಲು ಗ್ರಹಣದ ಮಾತು ಮನಸ್ಸಿನಿಂದ ತೆಗೆದುಹಾಕಿ ತಾಯಿ. ನಿಮ್ಮ ಈಳಿಗೆಮಣೆಗೂ ಮಗುವಿನ ಪಾದಕ್ಕೂ ಸಂಬಂಧವೇ ಇಲ್ಲ. ಸುಮಾರು ಸಾವಿರ ಮಕ್ಕಳಲ್ಲಿ ಒಂದು ಹೀಗೆ ಹುಟ್ಟುತ್ತದೆ, ಎಲ್ಲಾ ದೇಶಗಳಲ್ಲೂ.

ನಿಮ್ಮ ಡಾಕ್ಟರ್ ಹೇಳಿದ್ದು ಪೊನ್ಸೆಟಿ ವಿಧಾನ. ಅಮೆರಿಕದ ಅಯೋವಾದಲ್ಲಿದ್ದ ಡಾ. ಇಗ್ನಾಸಿಯೊ ಪೊನ್ಸೆಟಿ ಇದನ್ನು ರೂಪಿಸಿದ್ದು 1950ರ ಸುಮಾರಿಗೆ. ಆದರೂ ಎಷ್ಟೋ ವರ್ಷ ಬೇರೆ ಡಾಕ್ಟರುಗಳು ಇದರ ಕಡೆ ಜಾಸ್ತಿ ಗಮನ ಕೊಡಲಿಲ್ಲ, ದೊಡ್ಡ ಆಪರೇಷನ್‌ಗಳೇ ನಡೆಯುತ್ತಿದ್ದವು, ಹಾಗೆ ಕೊಯ್ದ ಪಾದಗಳು ಎಷ್ಟೋ ಮಕ್ಕಳಿಗೆ ದೊಡ್ಡವರಾದ ಮೇಲೆ ಬಿಗಿಯಾಗಿ ನೋವು ಕೊಡುತ್ತಿದ್ದವು. ಕೊನೆಗೆ 1990ರ ದಶಕದ ಕೊನೆಯಲ್ಲಿ ಈ ವಿಧಾನದ ಸುದ್ದಿ ಹಬ್ಬಿಸಿದ್ದು ಯಾರು ಗೊತ್ತಾ? ನಿಮ್ಮ ಹಾಗೆಯೇ ರಾತ್ರಿ ನಿದ್ದೆಗೆಟ್ಟು ಇಂಟರ್ನೆಟ್‌ನಲ್ಲಿ ಹುಡುಕಿ, ಒಬ್ಬರಿಗೊಬ್ಬರು ತಿಳಿಸಿದ ಅಪ್ಪ ಅಮ್ಮಂದಿರು. ಅದಕ್ಕೇ ನಾನು ಮೊಬೈಲ್ ಮುಚ್ಚಿಡಿ ಅನ್ನುವುದಿಲ್ಲ. ಹುಡುಕಿ, ಆದರೆ ಸರಿಯಾಗಿ ಹುಡುಕಿ.

ಡಾಕ್ಟರ್ ಚೀಟಿಯಲ್ಲಿ ಸಿಟಿಇವಿ ಅಂತ ಬರೆದಿರಬಹುದು, ಅದೇ ಈ ತೊಂದರೆಯ ಹೆಸರು, ಕ್ಲಬ್‌ಫೂಟ್ ಅಂದರೂ ಅದೇ. ಆ ಹೆಸರಿನ ಜೊತೆ ಪೊನ್ಸೆಟಿ ಅಂತ ಸೇರಿಸಿ ಇಂಗ್ಲಿಷಿನಲ್ಲಿ ಹುಡುಕಿ. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್, ಅಮೆರಿಕದ ಮೂಳೆ ಡಾಕ್ಟರುಗಳ ಅಕಾಡೆಮಿ ನಡೆಸುವ ಆರ್ಥೋಇನ್ಫೋ, ಈ ಎರಡು ವೆಬ್‌ಸೈಟುಗಳೂ ತಂದೆತಾಯಿಗೆಂದೇ ಸರಳವಾಗಿ ಬರೆದಿವೆ. ಫೋನಿನಲ್ಲೇ ಕನ್ನಡಕ್ಕೆ ತಿರುಗಿಸಿ ಓದಬಹುದು, ಆದರೆ ಆ ಅನುವಾದ ಕೆಲವೊಮ್ಮೆ ಎಡವುತ್ತದೆ, ಅರ್ಥವಾಗದ ಸಾಲನ್ನು ಡಾಕ್ಟರಿಗೇ ತೋರಿಸಿ.

ಬೇರೆ ಏನೇ ಕಣ್ಣಿಗೆ ಬಿದ್ದರೂ ಬರೆದವರು ಯಾರು, ಯಾವ ವರ್ಷದ್ದು ಅಂತ ಮೊದಲು ನೋಡಿ. ನೀವು ನೋಡಿದ ಆ ಕೊಯ್ಯುವ ವಿಡಿಯೋ ಹಳೆಯದಿರಬಹುದು, ಇಲ್ಲವೇ ಪ್ಲಾಸ್ಟರಿಗೆ ಬಗ್ಗದ, ವಯಸ್ಸು ಮೀರಿದ ಮಗುವಿನದಿರಬಹುದು. ನಿಮ್ಮ ಮಗುವಿನ ಕಥೆ ಅದಲ್ಲ. ಇನ್ನು ಎಣ್ಣೆ ತಿಕ್ಕುವವರು. ನೂರಕ್ಕೆ ನೂರು ಗ್ಯಾರಂಟಿ ಅಂದು ಕೆಳಗೆ ಫೋನ್ ನಂಬರ್ ಹಾಕಿದ್ದರೆ ಅಲ್ಲಿಗೇ ಬಿಟ್ಟುಬಿಡಿ. ಒಳ್ಳೆಯ ಮಾಹಿತಿ ಯಾವಾಗಲೂ ಏನು ತಪ್ಪಾಗಬಹುದು ಅನ್ನುವುದನ್ನೂ ಹೇಳುತ್ತದೆ.

ನಂಬುವಂಥ ಕಡೆ ನಿಮಗೆ ಸಿಗುವುದು ಹೆಚ್ಚುಕಮ್ಮಿ ಇಷ್ಟು. ಐದಾರು ವಾರ, ತೊಡೆಯಿಂದ ಬೆರಳಿನವರೆಗೆ ಪ್ಲಾಸ್ಟರ್, ವಾರವಾರ ಬದಲಾವಣೆ. ಆಮೇಲೆ ಹಿಮ್ಮಡಿಯ ಮೇಲಿನ ಬಿಗಿಯಾದ ಹುರಿಯನ್ನು, ನಮ್ಮ ಜನ ನರ ಅಂತಾರೆ, ಒಂದು ಸಣ್ಣ ಗಾಯ ಮಾಡಿ ಕತ್ತರಿಸುತ್ತಾರೆ. ಜಾಸ್ತಿ ಮಕ್ಕಳಿಗೆ ಇದು ಬೇಕಾಗುತ್ತದೆ. ನಿಮ್ಮ ಡಾಕ್ಟರ್ ಹೇಳಿದ ಸಣ್ಣ ಆಪರೇಷನ್ ಇದೇ. ಮೂರು ವಾರದ ಕೊನೆಯ ಪ್ಲಾಸ್ಟರಿನೊಳಗೆ ಆ ಹುರಿ ಮತ್ತೆ ಬೆಳೆದು ಕೂಡಿಕೊಳ್ಳುತ್ತದೆ.

ನಿಜವಾದ ಕಷ್ಟ ಆಮೇಲಿನದು. ಕಂಬಿ ಜೋಡಿಸಿದ ಬೂಟನ್ನು ಮೂರು ತಿಂಗಳು ದಿನಕ್ಕೆ 23 ಗಂಟೆ, ಅದಾದ ಮೇಲೆ ನಾಲ್ಕು ವರ್ಷದವರೆಗೂ ಮಲಗುವಾಗ ಹಾಕಬೇಕು. ಪಾದ ನೆಟ್ಟಗಾಯಿತಲ್ಲ, ಮಗು ಅಳುತ್ತದೆ, ಪಾಪ ಅಂತ ಮನೆಯವರು ಬೂಟು ಬಿಚ್ಚಿಡುತ್ತಾರೆ. ಪಾದ ಮತ್ತೆ ತಿರುಗುವುದಕ್ಕೆ ಮುಖ್ಯ ಕಾರಣ ಇದೇ. ದಯವಿಟ್ಟು ನಿಮ್ಮ ಅತ್ತೆಯವರನ್ನೂ ಒಮ್ಮೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಡಾಕ್ಟರ್ ಬಾಯಿಂದಲೇ ಕೇಳಲಿ.

ಪ್ಲಾಸ್ಟರ್ ಹಾಕಿದ ದಿನ ಮಗುವಿನ ಕಾಲ್ಬೆರಳಿನ ತುದಿ ಮೆಲ್ಲಗೆ ಒತ್ತಿ ಬಿಡಿ. ಬೆಳ್ಳಗಾಗಿ ತಕ್ಷಣ ಕೆಂಪಾಗಬೇಕು. ಆಗದಿದ್ದರೆ, ಬೆರಳು ನೀಲಿಯಾದರೆ, ಇಲ್ಲವೇ ನಿನ್ನೆ ಕಾಣುತ್ತಿದ್ದ ಬೆರಳು ಇವತ್ತು ಪ್ಲಾಸ್ಟರಿನೊಳಗೆ ಹೋಗಿದ್ದರೆ ಗೂಗಲ್ ಮಾಡಬೇಡಿ, ಮಗು ಎತ್ತಿಕೊಂಡು ಆಸ್ಪತ್ರೆಗೆ ಹೋಗಿ.

ಖರ್ಚಿನ ಚಿಂತೆ ಇದ್ದರೆ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಕ್ಲಬ್‌ಫೂಟ್ ಇದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಯನ್ನು ಕೇಳಿ. ಮುಂದಿನ ಸಲ ಹೋದಾಗ ಡಾಕ್ಟರನ್ನು ಇಷ್ಟು ಕೇಳಿಬಿಡಿ: ಬೂಟು ಎಲ್ಲಿ ಸಿಗುತ್ತದೆ, ಮಗು ಬೆಳೆದ ಹಾಗೆ ದೊಡ್ಡ ಅಳತೆಯದನ್ನು ಯಾರು ಕೊಡುತ್ತಾರೆ?