ಲೇಸರ್‌ನಿಂದ ಪರಮಾಣು ತಣ್ಣಗಾಗುತ್ತದೆ ಅಂದರೆ, ಆ ಶಾಖ ಎಲ್ಲಿ ಹೋಯಿತು?

ಒಂದೇ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತಿದೆ. ಅದಕ್ಕೆ ಸಿಗುವ ಅರೆಬರೆ ಉತ್ತರಗಳನ್ನು ನೋಡಿ ಬೇಸರವಾಗಿದೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ. ಫೋಟಾನ್ ಎಂದರೇನು, ಕೆಲ್ವಿನ್ ಎಂದರೇನು ಎಂದು ಇಲ್ಲಿ ಬರೆಯುವುದಿಲ್ಲ. ಅದು ಪಿಯುಸಿ ಪುಸ್ತಕದಲ್ಲೇ ಇದೆ.

ಪ್ರಶ್ನೆ: ಲೇಸರ್ ಕಬ್ಬಿಣವನ್ನೇ ಕೊಯ್ಯುತ್ತದೆ. ಅದೇ ಲೇಸರ್ ಪರಮಾಣುವನ್ನು ತಣ್ಣಗೆ ಮಾಡುವುದು ಹೇಗೆ?

ಉತ್ತರ: ಮೊದಲು ಐಸ್, ಫ್ರಿಜ್ ಎಲ್ಲ ತಲೆಯಿಂದ ತೆಗೆದುಹಾಕಿ. ಇಲ್ಲಿ ತಣ್ಣಗೆ ಅಂದರೆ ನಿಧಾನ. ನಮ್ಮ ಲ್ಯಾಬಿನಲ್ಲಿ ನಾವು ಜಾಸ್ತಿ ಬಳಸುವುದು ರುಬಿಡಿಯಂ ಎಂಬ ಲೋಹ. ಕೋಣೆಯ ತಾಪದಲ್ಲಿ ಅದರ ಪರಮಾಣು ಸೆಕೆಂಡಿಗೆ ಸುಮಾರು 270 ಮೀಟರ್ ಓಡುತ್ತದೆ. ಎದುರಿನಿಂದ ಬಂದ ಒಂದು ಫೋಟಾನ್ ನುಂಗಿದರೆ ಆ ವೇಗದಲ್ಲಿ ಸೆಕೆಂಡಿಗೆ 6 ಮಿಲಿಮೀಟರ್‌ನಷ್ಟು ಕಡಿಮೆಯಾಗುತ್ತದೆ. ಏನೇನೂ ಸಾಲದು ಅನ್ನಿಸುತ್ತದೆ, ಅಲ್ವಾ? ಆದರೆ ಪರಮಾಣು ಬೆಳಕನ್ನು ನುಂಗಿ, ಉಗುಳಿ, ಮತ್ತೆ ನುಂಗುತ್ತದೆ. ಸೆಕೆಂಡಿಗೆ ಒಂದು ಕೋಟಿಗೂ ಹೆಚ್ಚು ಸಲ! ಉಗುಳುವಾಗಲೂ ತಳ್ಳು ಬೀಳುತ್ತದೆ, ನಿಜ. ಆದರೆ ಅದು ಒಂದೊಂದು ಸಲ ಒಂದೊಂದು ದಿಕ್ಕಿಗೆ, ಒಟ್ಟಿನಲ್ಲಿ ವಜಾ ಆಗುತ್ತದೆ. ಸುಮಾರು 45 ಸಾವಿರ ಫೋಟಾನ್ ಸಾಕು. ಎಲ್ಲ ಸರಿಯಾಗಿ ಹೊಂದಿಸಿದರೆ ಆ ಓಟ ಒಂದಡಿ ದೂರದಲ್ಲಿ, 3 ಮಿಲಿಸೆಕೆಂಡಿನೊಳಗೆ ನಿಲ್ಲುತ್ತದೆ. ಭೂಮಿ ನಮ್ಮನ್ನು ಎಳೆಯುವುದಕ್ಕಿಂತ 10 ಸಾವಿರ ಪಟ್ಟು ಜೋರಾದ ಬ್ರೇಕ್ ಇದು.

ಹಾಗಾದರೆ ಹಿಂದಿನಿಂದ ಬರುವ ಬೆಳಕು ಪರಮಾಣುವನ್ನು ಮುಂದಕ್ಕೆ ನೂಕುವುದಿಲ್ಲವೇ? ಗುಟ್ಟು ಇರುವುದೇ ಇಲ್ಲಿ. ಬಹಳಷ್ಟು ವಿಡಿಯೊಗಳು 'ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತವೆ' ಎಂದು ಹೇಳಿ ಮುಗಿಸುತ್ತವೆ. ಅದು ತಪ್ಪು. ಬರೀ ಒತ್ತಿದರೆ ಏನೂ ತಣ್ಣಗಾಗುವುದಿಲ್ಲ. ರುಬಿಡಿಯಂ ತನಗೆ ಒಪ್ಪುವ ಬಣ್ಣವನ್ನು, ಅಂದರೆ 780 ನ್ಯಾನೋಮೀಟರ್ ಬೆಳಕನ್ನು, ಮಾತ್ರ ನುಂಗುತ್ತದೆ. ಒಂದು ಕೂದಲೆಳೆ ಆಚೀಚೆಯಾದರೂ ಬೇಡ ಅನ್ನುತ್ತದೆ. ನಾವು ಬೇಕೆಂದೇ ಲೇಸರನ್ನು ಕೆಂಪಿನ ಕಡೆಗೆ ಒಂದಿಷ್ಟು ಸರಿಸಿ ಇಡುತ್ತೇವೆ. ಎದುರಿಗೆ ಬರುವ ಬಸ್ಸಿನ ಹಾರನ್ ಕೀಚಲಾಗಿ ಕೇಳುತ್ತದಲ್ಲ, ಹಾಗೆ ಬೆಳಕಿಗೆ ಎದುರಾಗಿ ಓಡುವ ಪರಮಾಣುವಿಗೆ ಆ ಬಣ್ಣ ನೀಲಿಯ ಕಡೆ ಜರುಗಿ ಸರಿಹೊಂದುತ್ತದೆ. ಅದು ನುಂಗುತ್ತದೆ, ಏಟು ತಿನ್ನುತ್ತದೆ. ಹಿಂದಿನಿಂದ ಬರುವ ಬೆಳಕು ಇನ್ನೂ ಕೆಂಪಾಗಿ ಕಾಣುತ್ತದೆ, ಅದನ್ನು ಹೆಚ್ಚಾಗಿ ಮುಟ್ಟುವುದಿಲ್ಲ. ಆರು ದಿಕ್ಕಿನಿಂದ ಹೀಗೆ ಬೆಳಕು ಬಿಟ್ಟರೆ ಪರಮಾಣು ಎತ್ತ ಓಡಿದರೂ ತಡೆ. ಜೋನಿಬೆಲ್ಲದಲ್ಲಿ ಬಿದ್ದ ಇರುವೆಯ ಹಾಗೆ. 1985ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀವನ್ ಚು ತಂಡ ಸೋಡಿಯಂ ಪರಮಾಣುಗಳಲ್ಲಿ ಇದನ್ನು ಮಾಡಿ ತೋರಿಸಿತು. ಇಂಗ್ಲಿಷಿನಲ್ಲೂ ಇದಕ್ಕೆ ಕಾಕಂಬಿಯ ಹೆಸರೇ ಇದೆ.

ಈಗ ಶಾಖದ ಲೆಕ್ಕ. ಪರಮಾಣು ನುಂಗಿದ್ದು ಕೊಂಚ ಕೆಂಪು ಬೆಳಕು. ಉಗುಳುವುದು ಸರಾಸರಿಯಲ್ಲಿ ತನ್ನದೇ ಬಣ್ಣದ, ಸ್ವಲ್ಪ ಜಾಸ್ತಿ ಶಕ್ತಿಯ ಬೆಳಕು. ಆ ವ್ಯತ್ಯಾಸವನ್ನು ತನ್ನ ಓಟದಿಂದಲೇ ತೆರಬೇಕು. ಶಾಖ ಹೋದದ್ದು ಅಲ್ಲಿಗೆ. ಉಗುಳಿದ ಬೆಳಕಿನ ಜೊತೆ ಗಾಜಿನ ಕಿಟಕಿ ದಾಟಿ ಹೊರಗೆ ಹೋಯಿತು. ಕಬ್ಬಿಣ ಹೀಗೆ ಉಗುಳುವುದಿಲ್ಲ. ನುಂಗಿದ್ದೆಲ್ಲ ಒಳಗಿನ ಅದುರಾಟವಾಗುತ್ತದೆ, ಕಬ್ಬಿಣ ಕರಗುತ್ತದೆ.

ಈ ಲೆಕ್ಕದ ಪ್ರಕಾರ ಸೋಡಿಯಂ 240 ಮೈಕ್ರೊಕೆಲ್ವಿನ್‌ಗಿಂತ (ಮೈಕ್ರೊ ಅಂದರೆ ಹತ್ತು ಲಕ್ಷದಲ್ಲಿ ಒಂದು ಪಾಲು) ಕೆಳಗೆ ಇಳಿಯಬಾರದು. 1988ರಲ್ಲಿ ವಿಲಿಯಂ ಫಿಲಿಪ್ಸ್ ತಂಡ ಅಳೆದಾಗ ಸಿಕ್ಕಿದ್ದು ಸುಮಾರು 40. ಅವರು ನಂಬಲಿಲ್ಲ. ಬೇರೆ ಬೇರೆ ದಾರಿಯಲ್ಲಿ ಮತ್ತೆ ಅಳೆದರು. ನಿಜವೇ ಆಗಿತ್ತು. ಪರಮಾಣುವಿನ ಒಳಗಿನ ಶಕ್ತಿಮಟ್ಟಗಳ ಮೇಲೆ ಬೆಳಕಿನ ಧ್ರುವೀಕರಣ (ಬೆಳಕಿನ ಅಲೆ ಅದುರುವ ದಿಕ್ಕು) ನಡೆಸುವ ಇನ್ನೊಂದು ಆಟ ಅದಕ್ಕೆ ಕಾರಣ. ಚು, ಫಿಲಿಪ್ಸ್ ಮತ್ತು ಫ್ರಾನ್ಸಿನ ಕೊಹೆನ್-ತನೂಜಿಗೆ 1997ರಲ್ಲಿ ನೊಬೆಲ್ ಬಂತು. ಲೆಕ್ಕಕ್ಕಿಂತ ಚೆನ್ನಾದ ಫಲಿತಾಂಶ ಬಂದಾಗಲೂ ಮೊದಲು ಅನುಮಾನಪಟ್ಟರಲ್ಲ, ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳುವುದು ಆ ಭಾಗವನ್ನೇ.

ಪ್ರಶ್ನೆ: ಆ ತಣ್ಣನೆಯ ಮೋಡವನ್ನು ಮುಟ್ಟಿದರೆ ಕೈ ಹೆಪ್ಪುಗಟ್ಟುತ್ತದೆಯೇ?

ಉತ್ತರ: ಇಲ್ಲ. ನಿರ್ವಾತದೊಳಗೆ ಇರುವುದು ಕೆಲವು ಕೋಟಿ ಪರಮಾಣು, ಕಡಲೆಕಾಳಿಗಿಂತ ಚಿಕ್ಕ ಮೋಡ. ಹೊರಗಿನ ಗಾಜು ಕೋಣೆಯಷ್ಟೇ ಬೆಚ್ಚಗಿರುತ್ತದೆ.

ಪ್ರಶ್ನೆ: ಇದರಿಂದ ಎಸಿ ಮಾಡಬಹುದೇ?

ಉತ್ತರ: ಆಗದು.

ಪ್ರಶ್ನೆ: ಕರ್ನಾಟಕದಲ್ಲಿ ಈ ಕೆಲಸ ಎಲ್ಲಿ ನಡೆಯುತ್ತದೆ?

ಉತ್ತರ: ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ.

ಪ್ರಶ್ನೆ: ಮಂಡಿನೋವಿಗೆ 'ಕೋಲ್ಡ್ ಲೇಸರ್' ಕೊಡುತ್ತಾರೆ. 'ಕ್ವಾಂಟಮ್ ಪದಕ' ಮಾರುತ್ತಾರೆ. ಎಲ್ಲ ಇದೇ ವಿಜ್ಞಾನವೇ?

ಉತ್ತರ: ಅಲ್ಲವೇ ಅಲ್ಲ. ಮೊದಲನೆಯದು ಚರ್ಮ ಬಿಸಿಯಾಗದಷ್ಟು ಕಡಿಮೆ ಬೆಳಕು. ಬೇಕೋ ಬೇಡವೋ ಎಂದು ಮೂಳೆ ವೈದ್ಯರನ್ನು ಕೇಳಿ. ಎರಡನೆಯದು ಶುದ್ಧ ಮೋಸ. 2021ರಲ್ಲಿ ನೆದರ್ಲೆಂಡ್ಸ್ ಸರ್ಕಾರದ ಪರಿಶೀಲನೆಯಲ್ಲಿ ಇಂಥ ಕೆಲವು ಪದಕಗಳಿಂದ ವಿಕಿರಣ ಹೊಮ್ಮುತ್ತಿದ್ದುದು ಗೊತ್ತಾಯಿತು. ಮಕ್ಕಳ ಕೊರಳಿಗೆ ಅದನ್ನು ಕಟ್ಟಬೇಡಿ.

ಪ್ರಶ್ನೆ: ಆನ್‌ಲೈನಿನಲ್ಲಿ 780 ನ್ಯಾನೋಮೀಟರ್ ಲೇಸರ್ ಸಿಗುತ್ತದೆ. ಮನೆಯಲ್ಲಿ ಪ್ರಯತ್ನಿಸಲೇ?

ಉತ್ತರ: ಬೇಡ, ದಯವಿಟ್ಟು ಬೇಡ. ಆ ಬಣ್ಣ ನಮ್ಮ ಕಣ್ಣಿಗೆ ಮಬ್ಬು ಕೆಂಪಾಗಿ ಕಂಡರೆ ಹೆಚ್ಚು. ಹಾಗಾಗಿ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ. ಒಳಗೆ ರೆಟಿನಾ ಸುಡುತ್ತಿರುತ್ತದೆ, ನೋವೂ ಗೊತ್ತಾಗುವುದಿಲ್ಲ. ಹಸಿರು ಪಾಯಿಂಟರ್‌ಗಳಲ್ಲೂ ಅಗ್ಗದವು ಕಾಣದ ಅವಗೆಂಪು ಬೆಳಕನ್ನು ಸೋರಿಸುತ್ತವೆ. ನನ್ನ ಲ್ಯಾಬಿನಲ್ಲಿ ಗಡಿಯಾರ, ಉಂಗುರ, ಬಳೆ ಬಾಗಿಲಲ್ಲೇ ತೆಗೆಸುತ್ತೇನೆ. ಹೊಳೆಯುವ ಯಾವುದರಿಂದಲಾದರೂ ಕಿರಣ ತಿರುಗಿ ಕಣ್ಣಿಗೆ ಬರಬಹುದು. ಬಗ್ಗಿ ಬಿದ್ದ ಸ್ಕ್ರೂ ಹುಡುಕುವಾಗ ಕಣ್ಣು ಸರಿಯಾಗಿ ಕಿರಣದ ಮಟ್ಟಕ್ಕೆ ಬರುತ್ತದೆ. ಕಣ್ಣು ಮುಚ್ಚಿಕೊಂಡೇ ಬಗ್ಗಿ, ಮೇಜಿನ ಮಟ್ಟ ದಾಟಿದ ಮೇಲೆ ತೆರೆಯಿರಿ ಎಂದು ಹೊಸಬರಿಗೆ ಮೊದಲ ದಿನವೇ ಕಲಿಸುತ್ತೇನೆ.