ಆಪ್ತಸಲಹೆ ಪ್ರಕರಣ: ಚಾಕ್‌ಪೀಸ್ ಡಬ್ಬಿಯಲ್ಲಿದ್ದ ಹಲ್ಲಿನ ಟ್ರೇ

ಈ ಪ್ರಕರಣವನ್ನು ಬರೆಯಲು ಸಂಬಂಧಪಟ್ಟ ದಂಪತಿ ಒಪ್ಪಿಗೆ ಕೊಟ್ಟಿದ್ದಾರೆ. ಗುರುತು ಹತ್ತದಂತೆ ವಯಸ್ಸು, ಶಾಲೆ, ಮನೆಯ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಪತಿ ಹುಟ್ಟಿ ಬೆಳೆದದ್ದು ಪಾವಗಡ ತಾಲ್ಲೂಕಿನಲ್ಲಿ ಎಂಬುದನ್ನು ಮಾತ್ರ ಬದಲಿಸಲು ಆಗಲಿಲ್ಲ, ಏಕೆಂದರೆ ಅಲ್ಲಿನ ನೀರಿಗೂ ಈ ಪ್ರಕರಣಕ್ಕೂ ಸಂಬಂಧವಿದೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವ ಅವರನ್ನು ಇಲ್ಲಿ ಮೇಷ್ಟ್ರು ಎಂದೇ ಕರೆಯುತ್ತೇನೆ.

ಮೊದಲು ಫೋನ್ ಮಾಡಿದವರು ಅವರ ಪತ್ನಿ. ಪ್ರತಿ ತಿಂಗಳ ಐದನೆಯ ತಾರೀಖು ಗಂಡನ ಖಾತೆಯಿಂದ 6,800 ರೂಪಾಯಿ ಕಡಿತವಾಗುತ್ತಿರುವುದನ್ನು ಅವರು ಪಾಸ್‌ಬುಕ್ಕಿನಲ್ಲಿ ನೋಡಿದ್ದರು. ಊಟಕ್ಕೆ ಕೂರುವ ಮೊದಲು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು, ಕೆಲವು ದಿನ ಬಾಯಿ ಬಿಟ್ಟು ಮಾತನಾಡದೆ ಬರೀ ಹೂಂಗುಟ್ಟುವುದು, ರಾತ್ರಿ ಎಲ್ಲರೂ ಮಲಗಿದ ಮೇಲೆ ಕನ್ನಡಿಯ ಮುಂದೆ ನಿಲ್ಲುವುದು, ಇವೆಲ್ಲವನ್ನೂ ಕೂಡಿಸಿ ನೋಡಿದ ಅವರು, ಗಂಡ ಮೊಬೈಲಿನಲ್ಲಿ ರಮ್ಮಿ ಆಡಿ ಸಾಲ ಮಾಡಿಕೊಂಡಿರಬೇಕು, ಇಲ್ಲವೇ ಬೇರೊಬ್ಬಳ ಸಹವಾಸ ಇರಬೇಕು ಎಂಬ ತೀರ್ಮಾನಕ್ಕೆ ಬಂದಿದ್ದರು. "ಎರಡರಲ್ಲಿ ಒಂದು ಇರಲೇಬೇಕು ಮೇಡಂ" ಎಂದರು.

ಒಂದು ಶನಿವಾರ ಮಧ್ಯಾಹ್ನ, ಬೆಳಗಿನ ಶಾಲೆ ಮುಗಿಸಿಕೊಂಡು, ಇಬ್ಬರೂ ತುಮಕೂರಿನ ಬಿ.ಎಚ್. ರಸ್ತೆಯ ಪಕ್ಕದ ನನ್ನ ಕೊಠಡಿಗೆ ಬಂದರು. ಮೇಷ್ಟ್ರು ಇಪ್ಪತ್ತು ನಿಮಿಷ ಏನನ್ನೂ ಹೇಳಲಿಲ್ಲ. ನಾನೂ ಆ ಇಪ್ಪತ್ತು ನಿಮಿಷವನ್ನು ದುಡ್ಡಿನ ಲೆಕ್ಕ ಕೇಳುವುದರಲ್ಲೇ ಕಳೆದೆ, ಅದು ನನ್ನ ತಪ್ಪು. ಕೊನೆಗೆ ಅವರು ಕೈಚೀಲದಿಂದ ಚಾಕ್‌ಪೀಸಿನ ರಟ್ಟಿನ ಡಬ್ಬಿ ತೆಗೆದು, ಅದರೊಳಗಿನಿಂದ ಅಂಗೈಯಗಲದ ಒಂದು ನೀಲಿ ಪ್ಲಾಸ್ಟಿಕ್ ಡಬ್ಬಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಅದರಲ್ಲಿ ಹಲ್ಲಿನ ಸಾಲಿನ ಅಚ್ಚಿನಂತಿದ್ದ, ಸೊಟ್ಟ ಹಲ್ಲನ್ನು ನೇರ ಮಾಡಲು ಹಾಕಿಕೊಳ್ಳುವ ಎರಡು ಪಾರದರ್ಶಕ ಟ್ರೇಗಳಿದ್ದವು. ಅಂಚುಗಳು ಹುಳಿಯ ಅರಿಶಿನ ಹಿಡಿದು ಹಳದಿಯಾಗಿದ್ದವು. ಮನೆಯವರ ಎದುರು ತೆಗೆಯಲಾಗದೆ, ಹಾಕಿಕೊಂಡೇ ಊಟ ಮಾಡಿದ ದಿನಗಳ ಗುರುತು ಅದು. ಪತ್ನಿ ಅದನ್ನು ನೋಡಿ ಮೊದಲು ನಕ್ಕರು, ಆಮೇಲೆ ಅತ್ತರು. "ನನ್ನ ಮದ್ವೆ ಆದಾಗ್ಲೂ ಇದೇ ಹಲ್ಲೇ ಅಲ್ವೇನ್ರೀ? ನಾನೇನಾದ್ರೂ ಅಂದಿದ್ನಾ?" ಎಂದು ಕೇಳಿದರು. ಅದು ಪ್ರೀತಿಯ ಮಾತು. ಆದರೆ ಇದೆಲ್ಲ ಒಂದು ವಿಷಯವೇ ಅಲ್ಲ ಎಂದು ತಳ್ಳಿಹಾಕಿದ ಹಾಗೆ ಮೇಷ್ಟ್ರಿಗೆ ಕೇಳಿಸಿತೆಂಬುದು ಅವರ ಮುಖದಲ್ಲಿ ತಿಳಿಯುತ್ತಿತ್ತು. ಮುಂದಿನ ಎರಡು ಭೇಟಿಗಳಲ್ಲಿ ಅವರೊಬ್ಬರ ಜೊತೆಯೇ ಮಾತನಾಡಿದೆ.

ಪಾವಗಡದ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನ ಭಾರತೀಯ ಮಾನದಂಡದ ಪ್ರಕಾರ ಒಂದು ಲೀಟರಿಗೆ 1 ಮಿಲಿಗ್ರಾಂ ಇರಬಹುದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಹೋಗಬಹುದು. ಅದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ಕೊಳವೆಬಾವಿಯ ನೀರನ್ನು, ಶಾಶ್ವತ ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಕುಡಿದು ಬೆಳೆದವರ ಹಲ್ಲಿನ ಎನಾಮಲ್ ಕೆಟ್ಟು ಸುಣ್ಣದಂಥ ಮಚ್ಚೆ ಅಥವಾ ಕಂದು ಪಟ್ಟೆ ಉಳಿಯುತ್ತದೆ. ಊರಿನ ಶಾಲೆಯಲ್ಲಿ ಎಲ್ಲ ಮಕ್ಕಳ ಹಲ್ಲೂ ಹಾಗೆಯೇ ಇದ್ದುದರಿಂದ ಮೇಷ್ಟ್ರಿಗೆ ಅದು ಗಮನಕ್ಕೇ ಬಂದಿರಲಿಲ್ಲ. ಪಿ.ಯು.ಸಿ.ಗೆ ತುಮಕೂರಿನ ಹಾಸ್ಟೆಲಿಗೆ ಬಂದ ಮೊದಲ ವಾರ, ಹಲ್ಲುಜ್ಜುವುದಿಲ್ಲವೇ ಎಂದು ಒಬ್ಬ ಸಹಪಾಠಿ ಕೇಳಿದನಂತೆ. ಅಂದಿನಿಂದ ಮೇಲುತುಟಿಯನ್ನು ಬಿಗಿಹಿಡಿದು ಮಾತನಾಡುವ ಅಭ್ಯಾಸವಾಯಿತು. ಕೆಳಗಿನ ಹಲ್ಲುಗಳು ಒಂದರ ಮೇಲೊಂದು ಏರಿರುವುದೂ ಆಗಲೇ ಕಣ್ಣಿಗೆ ಬಿದ್ದದ್ದು.

ಅವರ ಮಾತಿನಲ್ಲೇ ಹೇಳುವುದಾದರೆ, ಅವರು ನೆಮ್ಮದಿಯಾಗಿ ಪಾಠ ಮಾಡಿದ್ದು ಕೊರೊನಾ ಕಾಲದ ಮಾಸ್ಕ್ ಇದ್ದ ದಿನಗಳಲ್ಲಿ. ಆದರೆ ಅದೇ ಕಾಲದಲ್ಲಿ ಮಕ್ಕಳ ವಾಟ್ಸ್ಆ್ಯಪ್ ಗುಂಪಿಗೆ ಪಾಠದ ವಿಡಿಯೊ ಮಾಡಿ ಕಳುಹಿಸಬೇಕಾಗಿ ಬಂದು, ತಾವು ಮಾತನಾಡುವಾಗ ಹೇಗೆ ಕಾಣುತ್ತೇವೆ ಎಂಬುದನ್ನು ಮೊದಲ ಬಾರಿಗೆ ನೋಡಿದರು. ಮಾಸ್ಕ್ ಹೋಯಿತು, ಆ ಚಿತ್ರ ಮನಸ್ಸಿನಿಂದ ಹೋಗಲಿಲ್ಲ. ಕೆಲವು ವರ್ಷಗಳ ನಂತರ ಮೊಬೈಲಿನಲ್ಲಿ ಒಂದು ಕಂಪನಿಯ ಜಾಹೀರಾತು ಕಂಡಿತು: ತಂತಿ ಇಲ್ಲ, ಕ್ಲಿಪ್ ಇಲ್ಲ, ಯಾರಿಗೂ ಗೊತ್ತಾಗುವುದಿಲ್ಲ. ಸ್ನೇಹಿತರೊಬ್ಬರ ಬಾಡಿಗೆ ಕೋಣೆಗೆ ಕಂಪನಿಯ ಹುಡುಗನೊಬ್ಬ ಬಂದು ಬಾಯಿಯನ್ನು ಸ್ಕ್ಯಾನ್ ಮಾಡಿಕೊಂಡು ಹೋದ. ಎಕ್ಸ್‌-ರೇ ತೆಗೆಯಲಿಲ್ಲ, ವಸಡನ್ನು ಮುಟ್ಟಿ ನೋಡಲಿಲ್ಲ. ಹದಿನೆಂಟು ಕಂತಿನ ಸಾಲಕ್ಕೆ ಮೊಬೈಲಿನಲ್ಲೇ ಸಹಿಯಾಯಿತು, ಒಟ್ಟು 1,22,400 ರೂಪಾಯಿ. ಒಂದಾದ ಮೇಲೊಂದರಂತೆ ಹಾಕಿಕೊಳ್ಳಬೇಕಾದ ಇಪ್ಪತ್ತೆರಡು ಜೊತೆ ಟ್ರೇಗಳು ಕೊರಿಯರಿನಲ್ಲಿ ಶಾಲೆಯ ವಿಳಾಸಕ್ಕೆ ಬಂದವು. ನನ್ನಲ್ಲಿಗೆ ಬರುವ ಹೊತ್ತಿಗೆ ಏಳನೆಯ ಜೊತೆ ಹಲ್ಲಿನ ಮೇಲೆ ಕೂರುತ್ತಿರಲಿಲ್ಲ.

ಕೂರದೆ ಹೋದದ್ದು ಯಾಕೆ ಎಂಬುದು ನಿಗೂಢವೇನಲ್ಲ. ಒಂದೊಂದು ಟ್ರೇ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುವಂತೆ ತಯಾರಾಗಿರುತ್ತದೆ. ಹಲ್ಲಿನ ಮೇಲೆ ಹಗುರವಾದ ಒತ್ತಡ ಬಿಡದೆ ಬೀಳುತ್ತಿದ್ದರೆ ಒತ್ತಿದ ಕಡೆಯ ಮೂಳೆ ಕರಗಿ, ಬಿಟ್ಟ ಕಡೆ ಹೊಸ ಮೂಳೆ ಕಟ್ಟಿಕೊಳ್ಳುತ್ತದೆ. ವಯಸ್ಕರಲ್ಲೂ ಇದು ನಡೆಯುತ್ತದೆ, ವಸಡು ಮತ್ತು ಮೂಳೆ ಗಟ್ಟಿಯಾಗಿದ್ದರೆ ನಲವತ್ತು ದಾಟಿದವರಿಗೂ ತೊಂದರೆಯಿಲ್ಲ. ಆದರೆ ಟ್ರೇ ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ತಿನ್ನುವಾಗ, ಬಿಸಿ ಕಾಫಿ ಕುಡಿಯುವಾಗ, ಹಲ್ಲುಜ್ಜುವಾಗ ಮಾತ್ರ ತೆಗೆಯಬೇಕು. ಹೆಂಡತಿಗೆ, ಸ್ಟಾಫ್‌ರೂಮಿಗೆ, ಮಕ್ಕಳಿಗೆ ತಿಳಿಯದ ಹಾಗೆ ಹಾಕಿಕೊಳ್ಳಬೇಕೆಂದು ಹೊರಟ ಮೇಷ್ಟ್ರಿಗೆ ಸಿಕ್ಕಿದ್ದು ರಾತ್ರಿಯ ಏಳೆಂಟು ಗಂಟೆ ಮತ್ತು ಬಸ್ಸಿನಲ್ಲಿ ಕಳೆಯುವ ಹೊತ್ತು. ರಾತ್ರಿ ಸರಿದ ಹಲ್ಲು ಹಗಲು ಹಿಂದಕ್ಕೆ ಬರುತ್ತಿತ್ತು, ಟ್ರೇಗಳ ಲೆಕ್ಕ ಮಾತ್ರ ಮುಂದೆ ಹೋಗುತ್ತಿತ್ತು. ಅವರು ಕಾಣದ ಚಿಕಿತ್ಸೆಯನ್ನು ಕೊಂಡದ್ದು ಯಾರಿಗೂ ಹೇಳಬೇಕಾಗಿಲ್ಲ ಎಂಬ ಒಂದೇ ಕಾರಣಕ್ಕೆ. ಹೇಳದೆ ಇದ್ದುದರಿಂದಲೇ ಆ ಚಿಕಿತ್ಸೆ ಕೆಟ್ಟಿತು.

ಶಾಲೆಯಲ್ಲಿ ಹಾಕಿಕೊಳ್ಳದಿದ್ದುದಕ್ಕೆ ಇನ್ನೊಂದು ಕಾರಣವನ್ನೂ ಅವರು ಹೇಳಿದರು. ಟ್ರೇ ಹಾಕಿದಾಗ ಷಕಾರ ಹೆಚ್ಚು ಕೆಡುವುದಿಲ್ಲ, ಸಕಾರ ಕೆಡುತ್ತದೆ, "ಸರಸ್ವತಿ" ಎಂದರೆ ಸೀಟಿ ಹೊಡೆದ ಹಾಗೆ ಕೇಳುತ್ತದೆ ಎಂದು ನನ್ನೆದುರು ಹೇಳಿ ತೋರಿಸಿದರು. ಶ, ಷ, ಸಗಳ ವ್ಯತ್ಯಾಸವನ್ನು ಮಕ್ಕಳ ಕಿವಿ ಹಿಂಡಿ ಕಲಿಸುವ ಮೇಷ್ಟ್ರಿಗೆ ಇದು ಸಣ್ಣ ಮಾತಲ್ಲ. ಸಾಮಾನ್ಯವಾಗಿ ಒಂದೆರಡು ವಾರ ಗಟ್ಟಿಯಾಗಿ ಓದುವ ಅಭ್ಯಾಸ ಮಾಡಿದರೆ ನಾಲಿಗೆ ಹೊಂದಿಕೊಳ್ಳುತ್ತದೆ. ಆದರೆ ಗಟ್ಟಿಯಾಗಿ ಓದಲು ಕೇಳಿಸಿಕೊಳ್ಳುವವರ ಹೆದರಿಕೆ ಇಲ್ಲದ ಒಂದು ಮನೆ ಬೇಕು.

ಮೂರನೆಯ ಭೇಟಿಯಲ್ಲಿ ಅವರ ಕೈಗೆ ಪೆನ್ಸಿಲ್ ಕೊಟ್ಟು, ನಕ್ಕಾಗ ನಿಮ್ಮ ಬಾಯಿ ಹೇಗೆ ಕಾಣುತ್ತದೆಂದು ನಿಮಗೆ ಅನ್ನಿಸುತ್ತದೋ ಹಾಗೆ ಬರೆಯಿರಿ ಎಂದೆ. ಕೆಳಸಾಲಿನ ಏರುಪೇರನ್ನು ಎರಡು ಗೆರೆಗಳಲ್ಲಿ ಮುಗಿಸಿದರು. ಆಮೇಲೆ ಮೇಲಿನ ನಾಲ್ಕು ಹಲ್ಲುಗಳಿಗೆ, ಪೆನ್ಸಿಲನ್ನು ಓರೆಯಾಗಿ ಹಿಡಿದು, ಕಪ್ಪು ತುಂಬತೊಡಗಿದರು. ಕಾಗದ ಹರಿಯುವಷ್ಟು ತಿದ್ದಿದರು. ಸೊಟ್ಟ ಹಲ್ಲನ್ನು ನೇರ ಮಾಡಲು ಒಂದೂಕಾಲು ಲಕ್ಷ ಕೊಟ್ಟ ಈ ಮನುಷ್ಯನಿಗೆ ಇಷ್ಟು ವರ್ಷ ನೋವು ಕೊಟ್ಟದ್ದು ಹಲ್ಲಿನ ಮೇಲಿನ ಕಂದು ಕಲೆ. ಟ್ರೇ ಹಲ್ಲಿನ ಜಾಗವನ್ನು ಬದಲಿಸುತ್ತದೆ, ಬಣ್ಣವನ್ನಲ್ಲ. ಜಾಹೀರಾತಿನ ಬಾಯಿ ನೇರವಾಗಿಯೂ ಇತ್ತು, ಬೆಳ್ಳಗೂ ಇತ್ತು. ಎರಡೂ ಒಟ್ಟಿಗೆ ಬರುತ್ತವೆ ಎಂದು ಅವರು ತಿಳಿದಿದ್ದರು. ಒಬ್ಬ ದಂತವೈದ್ಯರ ಮುಂದೆ ಕುಳಿತು ನನಗೆ ಬೇಸರವಾಗಿರುವುದು ಈ ಕಂದು ಬಣ್ಣ ಎಂದು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಆ ವಾಕ್ಯವನ್ನು ಅವರು ಯಾರಿಗೂ ಹೇಳಿರಲಿಲ್ಲ.

ಇಂಥ ಪ್ರಕರಣಗಳಲ್ಲಿ ರೂಪದ ಗೀಳು ಕಾಯಿಲೆಯ ಮಟ್ಟ ಮುಟ್ಟಿದೆಯೇ ಎಂದು ನೋಡುವುದು ನನ್ನ ಕರ್ತವ್ಯ. ಇತರರಿಗೆ ಕಾಣದಷ್ಟು ಸಣ್ಣ ದೋಷವನ್ನೇ ದಿನದ ಹಲವು ಗಂಟೆ ಯೋಚಿಸುವುದು, ಮತ್ತೆಮತ್ತೆ ಕನ್ನಡಿ ನೋಡುವುದು, ಹೊರಗೆ ಹೋಗುವುದನ್ನೇ ನಿಲ್ಲಿಸುವುದು, ಒಂದು ಚಿಕಿತ್ಸೆ ಮುಗಿದರೆ ಇನ್ನೊಂದು ದೋಷ ಹುಡುಕುವುದು ಇದ್ದರೆ ಹಲ್ಲಿನ ವೈದ್ಯರಿಗಿಂತ ಮೊದಲು ಮನೋವೈದ್ಯರನ್ನು ಕಾಣಬೇಕಾಗುತ್ತದೆ. ಮೇಷ್ಟ್ರಿಗೆ ಹಾಗಿರಲಿಲ್ಲ. ಅವರ ಕಲೆ ನಿಜವಾದದ್ದು, ಅದರ ಕಾರಣ ನೀರು, ಅದಕ್ಕೆ ಸಿಕ್ಕ ಅವಮಾನವೂ ನಿಜವಾದದ್ದು. ಇದ್ದ ಹಾಗೆ ಒಪ್ಪಿಕೊಳ್ಳಿ ಎಂದು ಹೇಳಿ ಕಳುಹಿಸುವ ಅಭ್ಯಾಸ ವೃತ್ತಿಯ ಮೊದಲ ವರ್ಷಗಳಲ್ಲಿ ನನಗೂ ಇತ್ತು. ಸರಿಪಡಿಸಬಹುದಾದ ತೊಂದರೆ ಇರುವವರಿಗೆ ಆ ಮಾತು ಸಲಹೆಯಲ್ಲ, ಬಾಗಿಲು ಹಾಕಿಕೊಂಡ ಹಾಗೆ ಎಂದು ಈಗ ಅನ್ನಿಸುತ್ತದೆ.

ನಾನು ಕೊಟ್ಟ ಮೊದಲ ಸಲಹೆ, ಟ್ರೇಗಳನ್ನು ಸದ್ಯಕ್ಕೆ ಒತ್ತಿ ಹಾಕಿಕೊಳ್ಳದೆ ಆರ್ಥೊಡಾಂಟಿಸ್ಟರನ್ನು, ಅಂದರೆ ಬಿ.ಡಿ.ಎಸ್. ನಂತರ ಹಲ್ಲಿನ ಸಾಲು ಸರಿಪಡಿಸುವುದನ್ನೇ ಮೂರು ವರ್ಷ ಓದಿ ಎಂ.ಡಿ.ಎಸ್. ಪಡೆದವರನ್ನು ನೇರವಾಗಿ ಕಾಣಬೇಕೆಂಬುದು. ತುಮಕೂರಿನಲ್ಲಿಯೇ ದಂತ ವೈದ್ಯಕೀಯ ಕಾಲೇಜು ಇರುವುದರಿಂದ ಅದಕ್ಕಾಗಿ ಬೆಂಗಳೂರಿಗೆ ಹೋಗಬೇಕಾಗಿಲ್ಲ. ಕೇಳಬೇಕಾದ ಪ್ರಶ್ನೆಗಳನ್ನು ಒಟ್ಟಿಗೆ ಕುಳಿತು ಒಂದು ಚೀಟಿಯಲ್ಲಿ ಬರೆದೆವು: ವಸಡಿನಲ್ಲಿ ಸೋಂಕು ಇದೆಯೇ, ಮೂಳೆ ಎಷ್ಟು ಉಳಿದಿದೆ, ಹಲ್ಲುಗಳ ನಡುವೆ ಉಜ್ಜಿ ಜಾಗ ಮಾಡಬೇಕಾಗುತ್ತದೆಯೇ, ನನಗೆ ಟ್ರೇ ಸರಿಯೋ ಕ್ಲಿಪ್ ಸರಿಯೋ, ನಡುವೆ ಯೋಜನೆ ಬದಲಾದರೆ ಹೆಚ್ಚುವರಿ ಹಣ ಯಾರದು, ಕೊನೆಯಲ್ಲಿ ಹಾಕಿಕೊಳ್ಳುವ ರಿಟೇನರಿಗೆ ಎಷ್ಟು. ಕೊನೆಯ ಪ್ರಶ್ನೆಯನ್ನು ಬಹಳ ಮಂದಿ ಕೇಳುವುದೇ ಇಲ್ಲ. ನೇರವಾದ ಹಲ್ಲು ಹಳೆಯ ಜಾಗಕ್ಕೆ ಮರಳುವ ಸ್ವಭಾವದ್ದು, ಹಾಗಾಗಿ ಚಿಕಿತ್ಸೆ ಮುಗಿದ ಮೇಲೂ ರಾತ್ರಿ ಹೊತ್ತು ರಿಟೇನರನ್ನು ವರ್ಷಗಟ್ಟಲೆ ಹಾಕಿಕೊಳ್ಳಬೇಕಾಗುತ್ತದೆ. ಕಲೆಯ ವಿಷಯವನ್ನು ಅವರೇ ಬಾಯಿಬಿಟ್ಟು ಹೇಳಬೇಕು ಎಂಬುದು ಮಾತ್ರ ನನ್ನ ಷರತ್ತಾಗಿತ್ತು.

ಸಾಲದ ವಿಷಯದಲ್ಲಿ ಪತ್ನಿ ಕಂತನ್ನು ಕೂಡಲೇ ನಿಲ್ಲಿಸಿಬಿಡಿ ಎನ್ನುತ್ತಿದ್ದರು. ಟ್ರೇ ಕೊಟ್ಟ ಕಂಪನಿ ಬೇರೆ, ಸಾಲ ಕೊಟ್ಟ ಹಣಕಾಸು ಸಂಸ್ಥೆ ಬೇರೆ. ಕಂತು ತಪ್ಪಿದರೆ ಮುಂದೆ ಮನೆ ಸಾಲಕ್ಕೆ ಹೋದಾಗ ತೊಂದರೆಯಾಗುವುದು ಮೇಷ್ಟ್ರಿಗೇ ಹೊರತು ಕಂಪನಿಗಲ್ಲ. ಆದ್ದರಿಂದ ಕಂತು ಕಟ್ಟುತ್ತಲೇ, ಪರೀಕ್ಷೆ ಇಲ್ಲದೆ ಚಿಕಿತ್ಸೆ ಶುರು ಮಾಡಿದ್ದನ್ನು ಬರೆದು ಕಂಪನಿಗೆ ಇಮೇಲ್ ಕಳುಹಿಸಲು, ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಲು ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗಕ್ಕೇ ಹೋಗಬಹುದು. ಅಮೆರಿಕದಲ್ಲಿ ಅಂಚೆಯ ಮೂಲಕ ಟ್ರೇ ಮಾರುತ್ತಿದ್ದ ಸ್ಮೈಲ್ ಡೈರೆಕ್ಟ್ ಕ್ಲಬ್ ಎಂಬ ದೊಡ್ಡ ಕಂಪನಿ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿ, ಚಿಕಿತ್ಸೆಯ ನಡುವೆ ಇದ್ದವರನ್ನು ಹಾಗೆಯೇ ಬಿಟ್ಟದ್ದನ್ನೂ ತಿಳಿಸಿದೆ. ಬಾಯಿಯನ್ನು ಕಣ್ಣಾರೆ ನೋಡಿದ ಒಬ್ಬ ವೈದ್ಯರು ಹೊಣೆ ಹೊರದಿದ್ದರೆ ಕೇಳಲು ಯಾರೂ ಉಳಿಯುವುದಿಲ್ಲ.

ಪತ್ನಿಗೆ ಹೇಳಿದ್ದು ಎರಡೇ ಮಾತು. ನಿಮ್ಮ ಹಲ್ಲು ಚೆನ್ನಾಗಿಯೇ ಇದೆ ಎಂದು ಸಮಾಧಾನ ಮಾಡಬೇಡಿ, ಹಾಸ್ಟೆಲಿನಲ್ಲಿ ಏನಾಯಿತು ಎಂದು ಕೇಳಿ. ಆಸ್ಪತ್ರೆಗೆ ಜೊತೆಯಲ್ಲಿ ಹೋಗಿ, ಆದರೆ ಒಳಗೆ ಅವರ ಪರವಾಗಿ ನೀವು ಮಾತನಾಡಬೇಡಿ.

ಪರೀಕ್ಷೆಯಲ್ಲಿ ಹಲ್ಲಿನ ಬುಡದ ಕಿಟ್ಟವೂ ವಸಡಿನ ಊತವೂ ಕಂಡುಬಂದವು; ಅದು ವಾಸಿಯಾಗುವ ತನಕ ಹಲ್ಲನ್ನು ಸರಿಸುವಂತೆಯೇ ಇಲ್ಲ ಎಂದು ವೈದ್ಯರು ಹೇಳಿದರು. ಟ್ರೇಗೆ ಹಿಡಿತ ಸಿಗಲು ಹಲ್ಲಿನ ಮೇಲೆ ಅಂಟಿಸುವ ಸಣ್ಣ ಗುಬುಟುಗಳು ಫ್ಲೋರೈಡ್ ತಿಂದ ಎನಾಮಲ್‌ಗೆ ಸರಿಯಾಗಿ ಕಚ್ಚಿಕೊಳ್ಳದೆ ಕಳಚುವ ಸಾಧ್ಯತೆ ಹೆಚ್ಚೆಂದೂ ಎಚ್ಚರಿಸಿದರು. ಕಲೆಗೆ ಬೇರೆ ದಾರಿಗಳಿದ್ದವು: ಮೇಲ್ಪದರವನ್ನು ನಯವಾಗಿ ಉಜ್ಜುವುದು, ಅದು ಸಾಲದಿದ್ದರೆ ಹಲ್ಲಿನ ಬಣ್ಣದ ಕಾಂಪೋಸಿಟ್ ಲೇಪ. ವಸಡು ವಾಸಿಯಾದ ಮೇಲೆ ಮೇಲಿನ ನಾಲ್ಕು ಹಲ್ಲುಗಳಿಗೆ ಮೇಷ್ಟ್ರು ಅದನ್ನೇ ಮಾಡಿಸಿಕೊಂಡರು.

ಕೆಳಸಾಲನ್ನು ನೇರ ಮಾಡಿಸುವ ವಿಷಯ ಇನ್ನೂ ತೀರ್ಮಾನವಾಗಿಲ್ಲ, ಬೇಸಿಗೆ ರಜೆಯಲ್ಲಿ ನೋಡೋಣ ಎಂದಿದ್ದಾರೆ. ಕಂಪನಿಯಿಂದ ಒಂದು ಉತ್ತರ ಬಂದಿದೆ, ಹಣ ಬಂದಿಲ್ಲ, ಎಂಟು ಕಂತು ಬಾಕಿ ಇದೆ. ದೂರಿಗೆ ಬೇಕಾಗಬಹುದು, ಟ್ರೇಗಳನ್ನು ಎಸೆಯಬೇಡಿ ಎಂದು ನಾನು ಹೇಳಿದ್ದರಿಂದ ಆ ನೀಲಿ ಡಬ್ಬಿ ಈಗ ಅವರ ಮನೆಯ ಬೀರುವಿನಲ್ಲಿ, ಪಹಣಿ ಮತ್ತು ಎಲ್.ಐ.ಸಿ. ಬಾಂಡುಗಳ ಪಕ್ಕದಲ್ಲಿದೆ, ಬೀರುವಿನ ಕೀಲಿ ಪತ್ನಿಯ ಹತ್ತಿರ ಇದೆ.